ತುಮಕೂರಿನಿಂದ ಜರ್ಮನಿಗೆ, ಹೆಂಡತಿ ಮಕ್ಕಳ ಜೊತೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಕೆಲಸದ ಕರಾರು ಕೈಗೆ ಬಂದ ದಿನದಿಂದ ಕಂಪನಿಯವರು ನಿಮ್ಮ ಹಿಂದೆ ಬೀಳುತ್ತಾರೆ. ಡಿಗ್ರಿ ಸರ್ಟಿಫಿಕೇಟ್ ಕಳಿಸಿ, ಪಾಸ್‌ಪೋರ್ಟ್ ಸ್ಕ್ಯಾನ್ ಕಳಿಸಿ ಎಂದು ಒಂದೊಂದಾಗಿ ಕೇಳಿ ಪಡೆಯುತ್ತಾರೆ, ಮರೆತರೆ ನೆನಪಿಸುತ್ತಾರೆ. ಆದರೆ ನಿಮ್ಮ ಮದುವೆ ರಿಜಿಸ್ಟರ್ ಆಗಿದೆಯೇ, ಮಗುವಿನ ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿದೆಯೇ, ದಡಾರದ ಎರಡನೇ ಡೋಸ್ ಹಾಕಿಸಿದ್ದೀರಾ ಎಂದು ಯಾರೂ ಕೇಳುವುದಿಲ್ಲ. ಸಂಸಾರದ ಪ್ರಯಾಣ ನಿಂತುಹೋಗುವುದು ಇಂಥ ಜಾಗಗಳಲ್ಲೇ.

ಹಾಗಾಗಿ ತಯಾರಿಯನ್ನು ಮನೆಯ ಅತ್ಯಂತ ಕಿರಿಯರಿಂದ ಶುರು ಮಾಡಿ. ಮೊದಲು ಮಗುವಿನ ಕಾಗದ, ಆಮೇಲೆ ಹೆಂಡತಿಯದು, ಕೊನೆಗೆ ನಿಮ್ಮದು. ಕೆಲಸ ಸಿಕ್ಕಿರುವುದು ಹೆಂಡತಿಗಾದರೆ, ಈ ಬರಹದಲ್ಲಿ ಹೆಂಡತಿ ಎಂದಿರುವ ಕಡೆ ಗಂಡ ಎಂದು ಓದಿಕೊಳ್ಳಿ, ನಿಯಮಗಳು ಒಂದೇ.

ನಮ್ಮ ಜಿಲ್ಲೆಯ ಎಂಜಿನಿಯರುಗಳು, ನರ್ಸುಗಳು ಈಗ ಹೆಚ್ಚಾಗಿ ವಿಚಾರಿಸುತ್ತಿರುವ ದೇಶ ಜರ್ಮನಿ. ಅದನ್ನೇ ಇಟ್ಟುಕೊಂಡು ಬರೆಯುತ್ತೇನೆ. ಊರಿನ ಕಾಗದಪತ್ರದ ಭಾಗ ಕೋಲಾರ, ಚಿಕ್ಕಬಳ್ಳಾಪುರದವರಿಗೂ, ಬೇರೆ ದೇಶಕ್ಕೆ ಹೊರಟವರಿಗೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಕರಾರು ಪತ್ರವನ್ನು ನಿಧಾನವಾಗಿ ಓದಿ

ಪದವೀಧರರಿಗೆ ಸಿಗುವ ಒಳ್ಳೆಯ ದಾರಿ ಇಯು ಬ್ಲೂ ಕಾರ್ಡ್, ಅಂದರೆ ಐರೋಪ್ಯ ಒಕ್ಕೂಟದ ದೇಶದಲ್ಲಿ ಇದ್ದು ಕೆಲಸ ಮಾಡುವ ಪರವಾನಗಿ. ಅದಕ್ಕೆ ವರ್ಷದ ಸಂಬಳ ಇಷ್ಟಿರಬೇಕೆಂಬ ಮಿತಿ ಇದೆ, ಅದು ಪ್ರತಿ ಜನವರಿಗೆ ಬದಲಾಗುತ್ತದೆ. 2025ರಲ್ಲಿ ಸಾಮಾನ್ಯ ಮಿತಿ 48,300 ಯೂರೋ ಇತ್ತು. ಕೆಲಸಗಾರರ ಕೊರತೆ ಇರುವ ವೃತ್ತಿಗಳಿಗೆ ಸುಮಾರು 43,760 ಯೂರೋ ಸಾಕಿತ್ತು. ಬ್ಲೂ ಕಾರ್ಡ್‌ನಿಂದ ಸಂಸಾರಕ್ಕೆ ಆಗುವ ಅನುಕೂಲ ದೊಡ್ಡದು. ಹೆಂಡತಿ ವೀಸಾಕ್ಕಾಗಿ ಜರ್ಮನ್ ಭಾಷಾ ಪರೀಕ್ಷೆ ಪಾಸಾಗಬೇಕಿಲ್ಲ, ಹೋದ ಮೊದಲ ದಿನದಿಂದಲೇ ಕೆಲಸಕ್ಕೂ ಸೇರಬಹುದು. ಬೇರೆ ಬಗೆಯ ಕೆಲಸದ ವೀಸಾ ಕೊಡುತ್ತೇವೆ ಎಂದರೆ, ಹೆಂಡತಿಗೆ ಭಾಷಾ ಪ್ರಮಾಣಪತ್ರ ಬೇಕಾಗುತ್ತದೆಯೇ ಎಂಬುದನ್ನು ಸಹಿ ಹಾಕುವ ಮುಂಚೆಯೇ ಕೇಳಿ.

ನಿಮ್ಮ ಪದವಿಗೆ ಅಲ್ಲಿ ಮಾನ್ಯತೆ ಇದೆಯೇ ಎಂದು ಅನಾಬಿನ್ ಎಂಬ ಜರ್ಮನ್ ಸರ್ಕಾರಿ ಜಾಲತಾಣದಲ್ಲಿ ನೋಡಬಹುದು. ಹುಡುಕಬೇಕಾದ್ದು ಕಾಲೇಜಿನ ಹೆಸರಲ್ಲ, ಪದವಿ ಕೊಟ್ಟ ವಿಶ್ವವಿದ್ಯಾಲಯದ ಹೆಸರು. ನೀವು ಓದಿದ್ದು ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಲ್ಲೇ ಆದರೂ ಸರ್ಟಿಫಿಕೇಟ್ ಮೇಲೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂದಿದ್ದರೆ ಅದನ್ನೇ ಹುಡುಕಿ. ಹೆಸರಿನ ಎದುರು ಎಚ್ ಪ್ಲಸ್ (H+) ಎಂದಿರಬೇಕು, ಮಾನ್ಯತೆ ಇದೆ ಎನ್ನುವ ಗುರುತು ಅದು. ನಿಮ್ಮ ಪದವಿ ಅಲ್ಲಿ ಸಿಗದಿದ್ದರೆ ಜ಼ಡ್‌ಎಬಿ (ZAB) ಎಂಬ, ವಿದೇಶಿ ಪದವಿಗಳನ್ನು ಪರಿಶೀಲಿಸುವ ಜರ್ಮನ್ ಕಚೇರಿಯಿಂದ ಹೋಲಿಕೆ ಪತ್ರ ತರಿಸಬೇಕು. ಅದರ ಶುಲ್ಕ 208 ಯೂರೋ.

ಸಂಬಳದ ಅಂಕಿ ನೋಡಿ ರೂಪಾಯಿಗೆ ಗುಣಿಸುವುದು ಸಹಜ. ಆದರೆ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲ ಹಿಡಿದುಕೊಂಡ ಮೇಲೆ ಕೈಗೆ ಬರುವುದು ಸುಮಾರು ಮೂರರಲ್ಲಿ ಎರಡು ಪಾಲು. ಬಾಡಿಗೆ, ಊಟ, ಮಗುವಿನ ಖರ್ಚನ್ನು ಆ ಮೊತ್ತದ ಮೇಲೆ ಲೆಕ್ಕ ಹಾಕಿ.

ಕಂಪನಿಗೆ ಒಂದು ಪ್ರಶ್ನೆ ತಪ್ಪದೆ ಕೇಳಿ: ತ್ವರಿತ ವಿಧಾನದಲ್ಲಿ ಅರ್ಜಿ ಹಾಕಿಸುತ್ತೀರಾ? ಕಂಪನಿ 411 ಯೂರೋ ಕಟ್ಟಿ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಶುರು ಮಾಡಬಹುದಾದ ವ್ಯವಸ್ಥೆ ಅದು. ಹೆಂಡತಿ ಮಕ್ಕಳ ಅರ್ಜಿಗಳನ್ನೂ ಅದರೊಳಗೇ ಸೇರಿಸಬಹುದು. ಕೇಳದಿದ್ದರೆ ಬಹಳ ಕಂಪನಿಗಳು ತಾವಾಗಿ ಹೇಳುವುದಿಲ್ಲ.

ಕೆಲಸ ಕೊಡಿಸುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವ ಏಜೆಂಟರ ಬಗ್ಗೆ ಒಂದು ಮಾತು. ಭಾರತದಲ್ಲಿ ವಿದೇಶಿ ಕೆಲಸಕ್ಕೆ ಜನ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಆಗಿರಬೇಕು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಅವರ ನೋಂದಣಿ ಸಂಖ್ಯೆ ಹಾಕಿ ನೋಡಿ. ಸಂಖ್ಯೆ ಇಲ್ಲದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ತೋಟ ಅಡವಿಟ್ಟು ಹಣ ಕಟ್ಟಿ ಕೂತ ಮನೆಗಳನ್ನು ಕಂಡಿರುವುದರಿಂದಲೇ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

ಮಗುವಿನ ಜನನ ಪ್ರಮಾಣಪತ್ರ ಮತ್ತು ಮನೆಯವರೆಲ್ಲರ ಹೆಸರು

ನಮ್ಮ ಕಡೆ ಹೆರಿಗೆಗೆ ತವರಿಗೆ ಹೋಗುತ್ತಾರೆ. ಗಂಡ-ಹೆಂಡತಿ ಇರುವುದು ತುಮಕೂರಿನಲ್ಲಿ, ಮಗು ಹುಟ್ಟಿದ್ದು ಶಿರಾದಲ್ಲೋ ಗೌರಿಬಿದನೂರಿನಲ್ಲೋ. ಜನನ ನೋಂದಣಿ ಆಗಿರುವುದು ಹುಟ್ಟಿದ ಊರಿನಲ್ಲಿ. ಹೆಸರು ಸೇರಿಸುವುದು, ತಿದ್ದುಪಡಿ, ಹೊಸ ಪ್ರತಿ ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಆದ್ದರಿಂದ ಕರಾರು ಬಂದ ವಾರದಲ್ಲೇ ಆ ಪತ್ರವನ್ನು ತೆಗೆದು ನಾಲ್ಕು ವಿಷಯ ನೋಡಿ. ಮಗುವಿನ ಹೆಸರು ಇದೆಯೇ? ಅಪ್ಪನ ಹೆಸರು, ಅಮ್ಮನ ಹೆಸರು ಅವರವರ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇವೆಯೇ? ಇಂಗ್ಲಿಷ್‌ನಲ್ಲೂ ಮುದ್ರಣ ಆಗಿದೆಯೇ? ಹುಟ್ಟಿದ ಊರಿನ ಹೆಸರು ಸರಿ ಇದೆಯೇ?

ನಾಮಕರಣಕ್ಕೆ ಮುಂಚೆಯೇ ನೋಂದಣಿ ಆಗಿರುವುದರಿಂದ ಎಷ್ಟೋ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ನೋಂದಣಿಯಾದ ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ. ಆಮೇಲೆ ದಂಡ ಕಟ್ಟಿ ಸೇರಿಸಬಹುದು. ಜನನವೇ ನೋಂದಣಿ ಆಗಿಲ್ಲದೆ ಒಂದು ವರ್ಷ ದಾಟಿದ್ದರೆ ಕೆಲಸ ಸ್ವಲ್ಪ ದೊಡ್ಡದು. 2023ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟ ದಂಡಾಧಿಕಾರಿಯ ಆದೇಶ ಬೇಕು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳ ಪಾಸ್‌ಪೋರ್ಟ್‌ಗೆ ಹುಟ್ಟಿದ ದಿನಾಂಕದ ದಾಖಲೆಯಾಗಿ ಜನನ ಪ್ರಮಾಣಪತ್ರ ಒಂದನ್ನೇ ಒಪ್ಪುತ್ತಾರೆ. ಆಧಾರ್ ತೋರಿಸಿ ದಾಟುವಂತಿಲ್ಲ.

ಇನ್ನು ಹೆಸರಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೇ ಮೈಸೂರು ಕಡೆಯ ನಮ್ಮ ಪದ್ಧತಿ ಬೇರೆ ದೇಶದ ಅರ್ಜಿಗಳಿಗೆ ಹೊಂದುವುದಿಲ್ಲ. ನಮಗೆ ಮನೆತನದ ಹೆಸರು ಇರುವುದು ಕಡಿಮೆ. ಊರಿನ ಹೆಸರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ನಮ್ಮ ಹೆಸರು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ‘ಮಂಜುನಾಥ ಟಿ. ಎನ್.’, ಆಧಾರ್‌ನಲ್ಲಿ ಬರೀ ‘ಮಂಜುನಾಥ್’, ಪ್ಯಾನ್‌ನಲ್ಲಿ ‘ತಿಮ್ಮಸಂದ್ರ ನಾರಾಯಣಪ್ಪ ಮಂಜುನಾಥ’. ಹೆಂಡತಿಯದು ಮದುವೆಗೆ ಮುಂಚೆ ‘ಕೆ. ವಿ. ಲಕ್ಷ್ಮಿ’, ಮದುವೆ ಆದ ಮೇಲೆ ‘ಲಕ್ಷ್ಮಿ ಮಂಜುನಾಥ್’, ರೇಷನ್ ಕಾರ್ಡ್‌ನಲ್ಲಿ ‘ಲಕ್ಷ್ಮಮ್ಮ’. ಊರಿನಲ್ಲಿ ಇದೆಲ್ಲ ಒಬ್ಬರೇ ಎಂದು ಎಲ್ಲರಿಗೂ ಗೊತ್ತು. ವೀಸಾ ಅಧಿಕಾರಿಯ ಮೇಜಿನ ಮೇಲೆ ಇವರು ಐದಾರು ಜನ.

ಪಾಸ್‌ಪೋರ್ಟ್ ಹೆಸರನ್ನು ಆಧಾರವಾಗಿ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿ ಬರೆಸಿ, ಸರ್‌ನೇಮ್ ಜಾಗವನ್ನು ಖಾಲಿ ಬಿಡಬೇಡಿ. ಅದು ಖಾಲಿ ಇದ್ದರೆ ಅಲ್ಲಿ ಬ್ಯಾಂಕಿನವರು ಒಂದು ರೀತಿ, ವಿಮೆಯವರು ಇನ್ನೊಂದು ರೀತಿ ತುಂಬಿಕೊಳ್ಳುತ್ತಾರೆ, ಪ್ರತಿ ಕಚೇರಿಯಲ್ಲೂ ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತದೆ. ಯುಎಇ ಅಂತೂ 2022ರ ನವೆಂಬರ್‌ನಿಂದ ಒಂಟಿ ಹೆಸರಿನ ಪಾಸ್‌ಪೋರ್ಟ್‌ಗೆ ಭೇಟಿ ವೀಸಾದ ಮೇಲೆ ಪ್ರವೇಶ ಕೊಡುವುದನ್ನೇ ನಿಲ್ಲಿಸಿದೆ. ಮಗುವಿಗೆ ಮೊದಲ ಪಾಸ್‌ಪೋರ್ಟ್ ಮಾಡಿಸುವಾಗಲೇ ಅಪ್ಪನ ಸರ್‌ನೇಮ್ ಜಾಗದಲ್ಲಿ ಏನಿದೆಯೋ ಅದನ್ನೇ ಮಗುವಿಗೂ ಕೊಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅಣ್ಣ-ತಂಗಿಗೆ ಬೇರೆ ಬೇರೆ ಸರ್‌ನೇಮ್ ಬೇಡ.

ಪಾಸ್‌ಪೋರ್ಟ್‌ಗೆ ತುಮಕೂರಿನಲ್ಲೂ ಕೋಲಾರದಲ್ಲೂ ಅಂಚೆ ಕಚೇರಿಯ ಸೇವಾ ಕೇಂದ್ರಗಳಿವೆ. ಅಲ್ಲಿ ಬೇಗ ದಿನಾಂಕ ಸಿಗದಿದ್ದರೆ ಬೆಂಗಳೂರಿನದನ್ನು ಆರಿಸಿಕೊಳ್ಳಿ. ಮಗುವಿನ ಪಾಸ್‌ಪೋರ್ಟ್ ಶುಲ್ಕ 1,000 ರೂಪಾಯಿ, ಎಂಟು ವರ್ಷದೊಳಗಿನವರ ಹೊಸ ಅರ್ಜಿಗೆ ಶೇಕಡ 10 ರಿಯಾಯಿತಿ ಇದೆ. ದೊಡ್ಡವರಿಗೆ 36 ಪುಟದ್ದಕ್ಕೆ 1,500. ತಂದೆ-ತಾಯಿ ಇಬ್ಬರೂ ಸಹಿ ಹಾಕಿದ ಅನುಬಂಧ-ಡಿ ಘೋಷಣೆ ಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ, ಈಗಾಗಲೇ ಮಾಡಿಸಿದ್ದರೆ ಮುಗಿಯುವ ದಿನಾಂಕ ನೋಡಿ. ವರ್ಷದೊಳಗೆ ಮುಗಿಯುವಂತಿದ್ದರೆ ಇಲ್ಲೇ ಹೊಸದು ಮಾಡಿಸಿಬಿಡಿ.

ಮದುವೆ ನೋಂದಣಿ

ಕಲ್ಯಾಣ ಮಂಟಪದಲ್ಲಿ ಸಾವಿರ ಜನರ ಮುಂದೆ ಆದ ಮದುವೆಗೂ ಸರ್ಕಾರದ ಪತ್ರ ಇಲ್ಲದಿರುವುದು ನಮ್ಮಲ್ಲಿ ಮಾಮೂಲು. ಪಾಸ್‌ಪೋರ್ಟ್‌ಗೆ 2016ರ ಕೊನೆಯಿಂದ ಮದುವೆ ಪ್ರಮಾಣಪತ್ರ ಕೇಳುವುದಿಲ್ಲ, ಹಾಗಾಗಿ ಯಾರಿಗೂ ಅದರ ಗೊಡವೆ ಬಂದಿರುವುದಿಲ್ಲ. ಹೆಂಡತಿಯ ವೀಸಾಕ್ಕೆ ಅದು ಬೇಕೇ ಬೇಕು. ಮದುವೆ ನಡೆದ ಊರಿನ ಅಥವಾ ನೀವು ವಾಸವಿರುವ ಕಡೆಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಬಹುದು. ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೊ, ವಯಸ್ಸು-ವಿಳಾಸದ ದಾಖಲೆ, ಮೂವರು ಸಾಕ್ಷಿಗಳು ಸಾಕು. ಹಿಂದೂ ಮದುವೆಗಳ ನೋಂದಣಿಗೆ ಕಾವೇರಿ ತಾಣದಲ್ಲಿ ಆನ್‌ಲೈನ್ ವ್ಯವಸ್ಥೆಯೂ ಇದೆ. ಮುಸ್ಲಿಂ, ಕ್ರೈಸ್ತ ಕುಟುಂಬದವರು ನಿಕಾಹ್‌ನಾಮಾ ಅಥವಾ ಚರ್ಚಿನ ಪತ್ರದ ಜೊತೆಗೆ ಸರ್ಕಾರಿ ನೋಂದಣಿ ಪತ್ರವನ್ನೂ ಪಡೆದುಕೊಳ್ಳಿ. ಇಲ್ಲೂ ಹೆಸರುಗಳು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಅಕ್ಷರಕ್ಕೆ ಅಕ್ಷರ ಬರಲಿ. ಸಹಿ ಹಾಕುವ ಮುಂಚೆ ಕಂಪ್ಯೂಟರ್ ಆಪರೇಟರ್ ಪಕ್ಕ ನಿಂತು ಓದಿ ನೋಡಿ.

ಯುಎಇಗೆ ಹೊರಟವರಿಗೆ ಇನ್ನೊಂದು ಹಂತ ಇದೆ. ಒಂದೇ ಮುದ್ರೆಯಿಂದ ಬೇರೆ ದೇಶದ ಕಾಗದವನ್ನು ಒಪ್ಪುವ ಅಪಾಸ್ಟಿಲ್ ಒಪ್ಪಂದದಲ್ಲಿ ಆ ದೇಶ ಇಲ್ಲ, ಆದ್ದರಿಂದ ಮದುವೆ, ಜನನ, ಪದವಿ ಪತ್ರಗಳಿಗೆ ರಾಜ್ಯದ ಇಲಾಖೆ, ವಿದೇಶಾಂಗ ಸಚಿವಾಲಯ, ಆಮೇಲೆ ಆ ದೇಶದ ರಾಯಭಾರ ಕಚೇರಿ ಎಂದು ಮೂರು ಕಡೆ ಮುದ್ರೆ ಬೇಕು. ಅದಕ್ಕೆ ಸಮಯ ಬಿಟ್ಟುಕೊಳ್ಳಿ.

ತಾಯಿ ಕಾರ್ಡ್ ಹುಡುಕಿ

ಜರ್ಮನಿಯಲ್ಲಿ 2020ರ ಮಾರ್ಚ್‌ನಿಂದ ದಡಾರ ತಡೆ ಕಾನೂನು ಇದೆ. ಒಂದು ವರ್ಷ ತುಂಬಿದ ಮಗುವಿಗೆ ಒಂದು ಡೋಸ್, ಎರಡು ತುಂಬಿದರೆ ಎರಡು ಡೋಸ್ ಆಗಿರುವುದಕ್ಕೆ ದಾಖಲೆ ಇಲ್ಲದೆ ಅಲ್ಲಿನ ಶಿಶುವಿಹಾರದಲ್ಲಿ ಸೇರಿಸಿಕೊಳ್ಳುವುದಿಲ್ಲ. ನಮ್ಮ ಸರ್ಕಾರಿ ಪಟ್ಟಿಯ ಪ್ರಕಾರ ದಡಾರ-ರುಬೆಲ್ಲಾ ಲಸಿಕೆ 9ರಿಂದ 12 ತಿಂಗಳಲ್ಲಿ ಒಂದು, 16ರಿಂದ 24 ತಿಂಗಳಲ್ಲಿ ಇನ್ನೊಂದು. ಹಾಕಿಸಿರುತ್ತೀರಿ. ಸಿಗದಿರುವುದು ದಾಖಲೆ.

ತಾಯಿ ಕಾರ್ಡ್ ಎಂದರೆ ಆಶಾ ಕಾರ್ಯಕರ್ತೆ, ನರ್ಸ್ ಸಿಸ್ಟರ್ ಕೈಯಲ್ಲಿ ಬರೆದದ್ದು. ಮಡಿಚಿ ಮಡಿಚಿ ನಡುವೆ ಹರಿದಿರುತ್ತದೆ. ದಿನಾಂಕದ ಮೇಲೆ ಬಾಲ್‌ಪೆನ್ನಿನ ಗೆರೆ, ಕೆಲವು ಕಡೆ ತಿಂಗಳಿದ್ದರೆ ವರ್ಷ ಇಲ್ಲ, ಲಸಿಕೆಯ ಹೆಸರು ಕನ್ನಡದಲ್ಲಿ, ನಾಲ್ಕನೇ ತಿಂಗಳಿನಿಂದ ಖಾಸಗಿ ಆಸ್ಪತ್ರೆಗೆ ಹೋಗಿದ್ದರೆ ಅಲ್ಲಿನದು ಬೇರೆ ಪುಸ್ತಕ. ಜರ್ಮನ್ ಮಕ್ಕಳ ಡಾಕ್ಟರಿಗೆ ಇದನ್ನು ಓದಲು ಆಗುವುದಿಲ್ಲ, ಓದಲಾಗದ್ದನ್ನು ಅವರು ಹಾಕಿಸಿಲ್ಲ ಎಂದೇ ಲೆಕ್ಕ ಹಿಡಿದು ಮತ್ತೆ ಚುಚ್ಚಬಹುದು. ಆದ್ದರಿಂದ ಎರಡೂ ಪುಸ್ತಕ ಹಿಡಿದು ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಅವರ ಲೆಟರ್‌ಹೆಡ್ ಮೇಲೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ ಒಂದೇ ಪಟ್ಟಿ ಬರೆಸಿ: ಲಸಿಕೆಯ ಪೂರ್ಣ ಹೆಸರು, ದಿನಾಂಕ, ಸಿಕ್ಕಿದರೆ ಬ್ಯಾಚ್ ಸಂಖ್ಯೆ, ಕೆಳಗೆ ಸಹಿ, ಸೀಲು, ನೋಂದಣಿ ಸಂಖ್ಯೆ. ಮಗುವಿಗೆ ಅಲರ್ಜಿ, ಫಿಟ್ಸ್, ವೀಜಿಂಗ್ ಇದ್ದರೆ ಅದರ ಚಿಕಿತ್ಸೆಯ ವಿವರವನ್ನೂ ಬರೆಸಿ. ಒಂದು ಡೋಸ್ ಬಾಕಿ ಇದ್ದರೆ ಇಲ್ಲೇ ಮುಗಿಸಿ.

ಎಲ್ಲರೂ ಒಟ್ಟಿಗೆ ಹೋಗುವುದೋ, ಒಬ್ಬರು ಮುಂದೆ ಹೋಗುವುದೋ

ಪ್ರತಿ ಮನೆಯಲ್ಲೂ ಈ ಚರ್ಚೆ ಆಗುತ್ತದೆ. ನನ್ನ ಉತ್ತರ: ಅರ್ಜಿ ಒಟ್ಟಿಗೆ ಹಾಕಿ, ಪ್ರಯಾಣ ಎರಡು ಕಂತಿನಲ್ಲಿ ಮಾಡಿ. ಕೆಲಸಕ್ಕೆ ಸೇರುವವರು ಎರಡು ಮೂರು ತಿಂಗಳು ಮುಂದೆ ಹೋಗಿ ಮನೆ ಹಿಡಿದ ಮೇಲೆ ಹೆಂಡತಿ ಮಕ್ಕಳು ಬರಲಿ. ಕಾರಣ ಮನೆ. ಜರ್ಮನಿಯ ದೊಡ್ಡ ನಗರಗಳಲ್ಲಿ ಬಾಡಿಗೆ ಮನೆ ಸಿಗುವುದು ಬಹಳ ಕಷ್ಟ, ಮನೆ ನೋಡಲು ಹೋದರೆ ಸರದಿ ನಿಂತಿರುತ್ತದೆ. ಒಂದು ಕೋಣೆಯ ತಾತ್ಕಾಲಿಕ ಜಾಗದಲ್ಲಿ ಎರಡು ವರ್ಷದ ಮಗುವನ್ನು ಇಟ್ಟುಕೊಂಡು, ಹೊಸ ಕೆಲಸಕ್ಕೂ ಹೋಗುತ್ತಾ ಮನೆ ಹುಡುಕುವುದು ಮೂವರಿಗೂ ಹಿಂಸೆ. ಮಗು ತೀರಾ ಎಳೆಯದಾಗಿದ್ದರೆ, ಅಥವಾ ಊರಿನಲ್ಲಿ ಹೆಂಡತಿಗೆ ಜೊತೆ ಯಾರೂ ಇಲ್ಲದಿದ್ದರೆ, ಆಗ ಒಟ್ಟಿಗೇ ಹೋಗಿ. ಮೂರು ತಿಂಗಳ ಮಟ್ಟಿಗೆ ಎರಡು ಕೋಣೆಯ ಸಜ್ಜಾದ ಮನೆ ಕೊಡಿ ಎಂದು ಕಂಪನಿಯನ್ನು ಕೇಳಿ.

ವೀಸಾ ಕೊಡುವುದು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್, ಕಾಗದ ತೆಗೆದುಕೊಳ್ಳುವುದು ವಿಎಫ್‌ಎಸ್ ಕೇಂದ್ರ. ದೊಡ್ಡವರಿಗೆ 75 ಯೂರೋ, ಮಕ್ಕಳಿಗೆ ಅದರ ಅರ್ಧ. ಕಂಪನಿ ತುಂಬಿ ಸಹಿ ಹಾಕಿದ ಉದ್ಯೋಗ ಘೋಷಣೆಯ ನಮೂನೆ ಕರಾರಿನ ಜೊತೆ ಇರಲಿ. ಹೆಂಡತಿ ಒಬ್ಬರೇ ಮಕ್ಕಳನ್ನು ಕರೆದುಕೊಂಡು ಬರುವುದಾದರೆ ನಿಮ್ಮ ಒಪ್ಪಿಗೆ ಪತ್ರ, ನಿಮ್ಮ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ ಅವರ ಕೈಚೀಲದಲ್ಲಿರಲಿ.

ರಾಜೀನಾಮೆಯ ಬಗ್ಗೆ: ಇಲ್ಲಿನ ಕಂಪನಿಯಲ್ಲಿ ನೋಟಿಸ್ ಅವಧಿ ಒಂದೆರಡು ತಿಂಗಳಾದರೆ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಕಾಯಿರಿ. ಮೂರು ತಿಂಗಳಾದರೆ, ಸೇರುವ ದಿನಾಂಕವನ್ನು ಮುಂದಕ್ಕೆ ಹಾಕಿಸಿಕೊಳ್ಳುವುದು ಹೆಚ್ಚು ಕ್ಷೇಮ. ಮಕ್ಕಳಿರುವ ಮನೆಯಲ್ಲಿ ಸಂಬಳ ಇಲ್ಲದ ತಿಂಗಳುಗಳನ್ನು ನಾವಾಗಿ ಕರೆದುಕೊಳ್ಳಬಾರದು.

ಬ್ಯಾಂಕು, ಸಿಮ್ಮು, ಜಮೀನು

ಕೆಲಸಕ್ಕೆಂದು ದೇಶ ಬಿಟ್ಟವರು ಸಾಮಾನ್ಯ ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ, ಅದನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳು ಭಾರತದ ಹಣ ಇಡುವ ಖಾತೆಯಾಗಿ ಬದಲಿಸಬೇಕು. ಬ್ಯಾಂಕಿಗೆ ಹೋದಾಗಲೇ ಎನ್‌ಆರ್‌ಇ ಖಾತೆಯ ಅರ್ಜಿಯನ್ನೂ ಕೊಡಿ, ಅಲ್ಲಿಂದ ಕಳಿಸುವ ಹಣಕ್ಕೆ ಅದು ಬೇಕು. ಆದಾಯ ತೆರಿಗೆ ಲೆಕ್ಕಕ್ಕೆ, ಕೆಲಸಕ್ಕಾಗಿ ಹೊರಟ ಆ ಹಣಕಾಸು ವರ್ಷದಲ್ಲಿ ಭಾರತದಲ್ಲಿ ಇದ್ದದ್ದು 182 ದಿನಕ್ಕಿಂತ ಕಡಿಮೆ ಆದರೆ ನೀವು ಅನಿವಾಸಿ. ಸೆಪ್ಟೆಂಬರ್ ಕೊನೆಗೆ ಟಿಕೆಟ್ ಮಾಡುವವರು ಒಂದು ವಾರ ಆಚೀಚೆ ಆದರೂ ವ್ಯತ್ಯಾಸ ಆಗುತ್ತದೆ, ಲೆಕ್ಕಪರಿಶೋಧಕರನ್ನು ಕೇಳಿ.

ಆಧಾರ್‌ಗೂ ಬ್ಯಾಂಕಿಗೂ ಜೋಡಿಸಿರುವ ಮೊಬೈಲ್ ನಂಬರನ್ನು ಯಾವ ಕಾರಣಕ್ಕೂ ಬಿಡಬೇಡಿ. ಒಟಿಪಿ ಬರುವುದು ಅದಕ್ಕೆ. ಹೊರಡುವ ಮುಂಚೆ ರೋಮಿಂಗ್ ಚಾಲೂ ಮಾಡಿಸಿ, ಕಡಿಮೆ ದರದ ರೀಚಾರ್ಜ್‌ನಲ್ಲಿ ಜೀವಂತ ಇಡಿ.

ಊರಿನಲ್ಲಿ ಜಮೀನು, ನಿವೇಶನ ಇರುವವರು ಪಹಣಿ, ಖಾತೆ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ಅಪ್ಪ ತೀರಿಕೊಂಡಿದ್ದು ಇನ್ನೂ ಪೌತಿ ಖಾತೆ ಆಗಿಲ್ಲದಿದ್ದರೆ, ನಿಮ್ಮ ಸಹಿ ಬೇಕಾದ ಕೆಲಸಗಳನ್ನು ನೀವಿರುವಾಗಲೇ ಮುಗಿಸಿ. ಅನಿವಾಸಿಯಾದ ಮೇಲೆ ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ಇರುವುದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಪಡೆಯಬಹುದು. ಅಣ್ಣತಮ್ಮಂದಿರಿಗೆ ಅಧಿಕಾರ ಪತ್ರ ಕೊಡುವುದಾದರೆ ‘ಇಂಥ ಸರ್ವೆ ನಂಬರು, ಇಂಥ ಕೆಲಸ’ ಎಂದು ಮಿತಿ ಬರೆದ ಪವರ್ ಆಫ್ ಅಟಾರ್ನಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಅಲ್ಲಿಗೆ ಹೋದ ಮೇಲೆ ಮಾಡಿಸಬೇಕಾದರೆ ಭಾರತೀಯ ಕಾನ್ಸುಲೇಟ್ ಮುಂದೆ ಸಹಿ ಹಾಕಿ, ಅಂಚೆಯಲ್ಲಿ ಕಳಿಸಿ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಿಸಬೇಕು.

ಸಾಮಾನು ಮತ್ತು ಪ್ರಯಾಣ

ಅಜ್ಜಿ ಕಾಯಿಸಿ ಕೊಟ್ಟ ತುಪ್ಪ, ಹಾಲಿನ ಪೇಡ, ಖೋವಾ ಯಾವುದನ್ನೂ ಚೀಲಕ್ಕೆ ಹಾಕಬೇಡಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ. ಹಸುಗೂಸಿನ ಪ್ಯಾಕ್ ಮಾಡಿದ ಹಾಲಿನ ಪುಡಿಗೆ ಮಾತ್ರ 2 ಕಿಲೋವರೆಗೆ ವಿನಾಯಿತಿ ಇದೆ. ಹುಳಿ ಪುಡಿ, ಚಟ್ನಿ ಪುಡಿ, ಮಗುವಿಗೆ ರಾಗಿ ಸರಿ ಹಿಟ್ಟು ತೆಗೆದುಕೊಂಡು ಹೋಗಿ. ರಾಗಿ ಹಿಟ್ಟು ಅಲ್ಲಿನ ಭಾರತೀಯ ಅಂಗಡಿಗಳಲ್ಲೂ ಸಿಗುತ್ತದೆ, ಹತ್ತು ಕಿಲೋ ಹೊರುವ ಅಗತ್ಯ ಇಲ್ಲ. ಒಡವೆ ಲಾಕರ್‌ನಲ್ಲೇ ಇರಲಿ. ಮಗುವಿನ ಔಷಧಿಗೆ ಇಂಗ್ಲಿಷ್ ಚೀಟಿ ಜೊತೆಗಿರಲಿ.

ತುಮಕೂರಿನಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಬೆಂಗಳೂರು ಹೊಕ್ಕು ಹೋಗಬೇಡಿ. ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಮಕ್ಕಳಿಗೂ ಡ್ರೈವರಿಗೂ ನೆಮ್ಮದಿ. ಹಸುಗೂಸಿದ್ದರೆ ವಿಮಾನದ ತೊಟ್ಟಿಲ ಸೀಟನ್ನು ಟಿಕೆಟ್ ಮಾಡಿದ ದಿನವೇ ಫೋನ್ ಮಾಡಿ ಕೇಳಿ, ತೂಕದ ಮಿತಿಯನ್ನೂ ವಿಚಾರಿಸಿ. ಜರ್ಮನಿಯಲ್ಲಿ 12 ವರ್ಷದೊಳಗಿನ, 150 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಕ್ಕಳನ್ನು ಮಕ್ಕಳ ಸೀಟಿಲ್ಲದೆ ಕಾರಿನಲ್ಲಿ ಕೂರಿಸುವಂತಿಲ್ಲ, ಟ್ಯಾಕ್ಸಿಗೆ ಮೊದಲೇ ಹೇಳಿ. ಶನಿವಾರ ರಾತ್ರಿ ಇಳಿಯುವ ಟಿಕೆಟ್ ಬೇಡ. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಹಾಲು, ಡೈಪರ್ ಬೇಕೆಂದರೆ ದೊಡ್ಡ ರೈಲು ನಿಲ್ದಾಣಕ್ಕೇ ಹೋಗಬೇಕು.

ಸಾಧ್ಯವಾದರೆ ಸಂಸಾರ ಏಪ್ರಿಲ್‌ನಿಂದ ಆಗಸ್ಟ್‌ನೊಳಗೆ ಬರಲಿ. ನವೆಂಬರ್‌ನಲ್ಲಿ ಬಂದರೆ ಸಂಜೆ ಐದಕ್ಕೆ ಕತ್ತಲು, ಹೊರಗೆ ಚಳಿ, ಪರಿಚಯದವರಿಲ್ಲ. ಮಗುವಿನ ಜೊತೆ ಮನೆಯಲ್ಲೇ ಇರುವವರಿಗೆ ಅದು ಬಹಳ ಭಾರ.

ಮೊದಲ ತಿಂಗಳು

ಮನೆಗೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ ಮಾಡಿಸಬೇಕು. ಅದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಮನೆ ಮಾಲೀಕರು ಸಹಿ ಮಾಡಿದ ಪತ್ರ, ಎಲ್ಲರ ಪಾಸ್‌ಪೋರ್ಟ್, ಮದುವೆ ಮತ್ತು ಜನನ ಪ್ರಮಾಣಪತ್ರಗಳ ಮೂಲ ಪ್ರತಿ ಒಯ್ಯಿರಿ. ನೋಂದಣಿ ಆದಾಗ ಸಿಗುವ ಒಂದು ಕಾಗದದಿಂದಲೇ ತೆರಿಗೆ ಸಂಖ್ಯೆ, ಬ್ಯಾಂಕ್ ಖಾತೆ, ಬ್ಲೂ ಕಾರ್ಡ್, ಮಗುವಿನ ಸಹಾಯಧನ ಎಲ್ಲ ಹೊರಡುತ್ತದೆ. ಹಾಗಾಗಿ ತಾತ್ಕಾಲಿಕ ಮನೆ ಹಿಡಿಯುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಇಲ್ಲಿ ನೋಂದಣಿ ಮಾಡಿಸಬಹುದೇ ಎಂಬುದು.

ಮನೆಗೆ ಬಂದ ದಿನವೇ ಕಟ್ಟಡದ ಕೆಳಗಿನ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ಅಲ್ಲಿ ಫ್ಲ್ಯಾಟ್ ನಂಬರು ಬರೆಯುವ ರೂಢಿ ಇಲ್ಲ, ಅಂಚೆಯವರು ಹೆಸರು ನೋಡಿ ಹಾಕುತ್ತಾರೆ. ಪೆಟ್ಟಿಗೆಯ ಮೇಲೆ ಹಳೆಯ ಬಾಡಿಗೆದಾರರ ಹೆಸರಿದ್ದರೆ ನಿಮ್ಮ ತೆರಿಗೆ ಸಂಖ್ಯೆಯ ಪತ್ರ ಕಳಿಸಿದವರಿಗೇ ವಾಪಸ್ಸು ಹೋಗುತ್ತದೆ. ಬ್ಯಾಂಕ್ ಕಾರ್ಡೂ, ಪಿನ್ನೂ, ವಿಮೆ ಕಾರ್ಡೂ ಅಂಚೆಯಲ್ಲೇ ಬರುವುದು. ಹೆಂಡತಿಯ ಸರ್‌ನೇಮ್ ಬೇರೆ ಇದ್ದರೆ ಎರಡನ್ನೂ ಬರೆಯಿರಿ.

ಬಾಡಿಗೆಯಲ್ಲಿ ಎರಡು ಅಂಕಿ ಇರುತ್ತವೆ. ಕಾಲ್ಟ್‌ಮೀಟೆ ಬರೀ ಮನೆಯದು, ವಾರ್ಮ್‌ಮೀಟೆ ನೀರು, ನಿರ್ವಹಣೆ ಮತ್ತು ಸಾಮಾನ್ಯವಾಗಿ ಬಿಸಿ ಮಾಡುವ ಖರ್ಚು ಸೇರಿಸಿದ್ದು. ಅಡ್ವಾನ್ಸ್ ಹೆಚ್ಚೆಂದರೆ ಮೂರು ತಿಂಗಳ ಕಾಲ್ಟ್‌ಮೀಟೆ, ಅದನ್ನೂ ಮೂರು ಕಂತಿನಲ್ಲಿ ಕೊಡಲು ಕಾನೂನು ಅವಕಾಶ ಕೊಟ್ಟಿದೆ. ಎಷ್ಟೋ ಮನೆಗಳಿಗೆ ಅಡುಗೆ ಕಟ್ಟೆ, ಒಲೆ, ಸಿಂಕು ಏನೂ ಇರುವುದಿಲ್ಲ. ಜಾಹೀರಾತಿನಲ್ಲಿ ಅಡುಗೆಮನೆ ಸೇರಿದೆ ಎಂದಿರುವುದನ್ನೇ ಹುಡುಕಿ, ಸಂಸಾರಕ್ಕೆ ಅದೇ ಅನುಕೂಲ. ಮನೆಯನ್ನು ಕಣ್ಣಿನಿಂದ ನೋಡುವ ಮುಂಚೆ ಹಣ ಕಳಿಸಬೇಡಿ.

ಆರೋಗ್ಯ ವಿಮೆಯಲ್ಲಿ ಸಾರ್ವಜನಿಕ ವಿಮೆಯನ್ನೇ ಆರಿಸಿ. ಕೆಲಸ ಮಾಡದ ಹೆಂಡತಿ ಮತ್ತು ಮಕ್ಕಳು ಅದರಲ್ಲಿ ಹೆಚ್ಚುವರಿ ಕಂತಿಲ್ಲದೆ ಸೇರುತ್ತಾರೆ. ಖಾಸಗಿ ವಿಮೆ ಮೊದಲು ಅಗ್ಗ ಕಾಣುತ್ತದೆ, ಆದರೆ ತಲೆಗೊಂದು ಕಂತು. ಹೆಂಡತಿ ಬಂದು ನೋಂದಣಿ ಆದ ಮೇಲೆ ನಿಮ್ಮ ತೆರಿಗೆ ವರ್ಗ ಬದಲಾಯಿಸಿಕೊಳ್ಳಿ. ಒಬ್ಬರೇ ದುಡಿಯುವ ಮನೆಗೆ, ದುಡಿಯುವವರಿಗೆ ಮೂರನೇ ವರ್ಗ, ಇನ್ನೊಬ್ಬರಿಗೆ ಐದನೇ ವರ್ಗ ಎಂಬ ಜೋಡಿಯಲ್ಲಿ ತಿಂಗಳ ಸಂಬಳ ಹೆಚ್ಚು ಕೈಗೆ ಬರುತ್ತದೆ. ಪ್ರತಿ ಮಗುವಿಗೆ ಸರ್ಕಾರ ಕೊಡುವ ಕಿಂಡರ್‌ಗೆಲ್ಡ್ 2025ರಲ್ಲಿ ತಿಂಗಳಿಗೆ 255 ಯೂರೋ ಇತ್ತು, 2026ರಿಂದ 259. ಅರ್ಜಿ ಹಾಕಿದ ತಿಂಗಳಿಗಿಂತ ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುವುದರಿಂದ ತಡ ಮಾಡಬೇಡಿ.

ಮಕ್ಕಳ ಡಾಕ್ಟರನ್ನು ಮಗು ಚೆನ್ನಾಗಿರುವಾಗಲೇ ಹುಡುಕಿ, ಬಹಳ ಕ್ಲಿನಿಕ್‌ಗಳು ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ. ರಾತ್ರಿ ಜ್ವರಕ್ಕೆ 116117, ತುರ್ತಿಗೆ 112. ಈ ಎರಡು ನಂಬರು ಫ್ರಿಜ್ ಮೇಲೆ ಬರೆದು ಅಂಟಿಸಿ.

ಕೀಟಾ, ಶಾಲೆ, ಕನ್ನಡ

ಶಿಶುವಿಹಾರವನ್ನು ಕೀಟಾ ಎನ್ನುತ್ತಾರೆ. ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಜಾಗ ಸಿಗಬೇಕು ಎಂದು 2013ರ ಆಗಸ್ಟ್‌ನಿಂದ ಕಾನೂನಿದೆ, ಜಾಗಗಳು ಸಾಲದೆ ಇವೆ. ಆದ್ದರಿಂದ ಮನೆ ಯಾವ ಬಡಾವಣೆಯಲ್ಲಿ ಎಂದು ಗೊತ್ತಾದ ಕೂಡಲೇ ಅಲ್ಲಿನ ನಗರಸಭೆಯ ತಾಣದಲ್ಲಿ ಹೆಸರು ಹಚ್ಚಿ, ಜೊತೆಗೆ ಹತ್ತಿರದ ಕೀಟಾಗಳಿಗೆ ನೀವೇ ಹೋಗಿ ಮಾತಾಡಿ. ಕೀಟಾದ ಹೊಸ ವರ್ಷ ಆಗಸ್ಟ್-ಸೆಪ್ಟೆಂಬರ್‌ಗೆ ಶುರು. ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಬರ್ಲಿನ್‌ನಲ್ಲಿ ಶುಲ್ಕವೇ ಇಲ್ಲ.

ಸೇರಿದ ಮೇಲೆ ಎರಡರಿಂದ ನಾಲ್ಕು ವಾರ ಹೊಂದಿಕೆಯ ಅವಧಿ. ಮೊದಲ ದಿನಗಳಲ್ಲಿ ಅಪ್ಪ ಅಥವಾ ಅಮ್ಮ ಮಗುವಿನ ಜೊತೆ ಒಳಗೇ ಕೂರಬೇಕು, ಆಮೇಲೆ ಅರ್ಧ ಗಂಟೆ ಹೊರಗೆ, ಹೀಗೆ ಹೆಚ್ಚಿಸುತ್ತಾ ಹೋಗುತ್ತಾರೆ. ಅವಸರ ಮಾಡಬೇಡಿ. ನಮ್ಮಲ್ಲಿ ಎಲ್‌ಕೆಜಿ ಮಗುವನ್ನು ಗೇಟಿನಲ್ಲಿ ಅಳುತ್ತಾ ಬಿಟ್ಟು ಬರುವುದಕ್ಕಿಂತ ಇದು ಎಷ್ಟೋ ಮೇಲು. ಅಲ್ಲಿ ಅಕ್ಷರ, ಅಂಕಿ ಕಲಿಸುವುದಿಲ್ಲ, ಮಳೆಯಲ್ಲೂ ಹೊರಗೆ ಆಡಿಸುತ್ತಾರೆ. ಇಲ್ಲಿ ಮಗ್ಗಿ ಹೇಳುತ್ತಿದ್ದ ಮಗು ಹಿಂದೆ ಬಿತ್ತೇನೋ ಎಂದು ಹೆದರಬೇಕಿಲ್ಲ. ಆರು ವರ್ಷಕ್ಕೆ ಶಾಲೆ ಕಡ್ಡಾಯ, ಒಂದನೇ ತರಗತಿ ಅಲ್ಲಿಂದಲೇ ಶುರು. ಮೊಟ್ಟೆ, ಮಾಂಸ ತಿನ್ನದ ಮನೆಯವರಾದರೆ ಸೇರಿಸುವಾಗಲೇ ಬರೆದುಕೊಡಿ.

ಭಾಷೆಯ ವಿಷಯದಲ್ಲಿ ನನ್ನ ನಿಲುವು ಗಟ್ಟಿ: ಮನೆಯಲ್ಲಿ ಕನ್ನಡವನ್ನೇ ಆಡಿ. ಜರ್ಮನ್ ಅನ್ನು ಕೀಟಾ ಕಲಿಸುತ್ತದೆ, ನಮ್ಮ ಅರೆಬರೆ ಜರ್ಮನ್ ಮಗುವಿಗೆ ಬೇಡ. ಫ್ರಾಂಕ್‌ಫರ್ಟ್ ಸುತ್ತಮುತ್ತ ರೈನ್-ಮೈನ್ ಕನ್ನಡ ಸಂಘ ಇದೆ, ಬೇರೆ ನಗರಗಳಲ್ಲೂ ಕನ್ನಡ ಕೂಟಗಳಿವೆ. ಹೋದ ತಿಂಗಳಲ್ಲೇ ಸೇರಿಕೊಳ್ಳಿ. ಮನೆ, ಡಾಕ್ಟರು, ಹಳೆಯ ಮಕ್ಕಳ ಸೈಕಲ್ಲು ಎಲ್ಲದರ ಸುದ್ದಿ ಅಲ್ಲಿ ಸಿಗುತ್ತದೆ.

ದೊಡ್ಡವರು ಮಾತ್ರ ಜರ್ಮನ್ ಕಲಿಯಲೇಬೇಕು, ಹೆಂಡತಿ ಮೊದಲು. ವೀಸಾಕ್ಕೆ ಕೇಳಲಿಲ್ಲ ಎಂದು ಬಿಡಬೇಡಿ. ಕೀಟಾ ಟೀಚರು, ಪಕ್ಕದ ಮನೆಯವರು, ಡಾಕ್ಟರ ಕ್ಲಿನಿಕ್‌ನ ಸಹಾಯಕಿ ಜೊತೆ ದಿನಾ ಮಾತಾಡಬೇಕಾಗುವುದು ಅವರೇ. ಇಲ್ಲಿ ಶಾಲೆಯಲ್ಲೋ ಬ್ಯಾಂಕಿನಲ್ಲೋ ಕೆಲಸ ಬಿಟ್ಟು ಬಂದವರಿಗೆ ಮತ್ತೆ ಕೆಲಸ ಸಿಗುವುದೂ ಭಾಷೆಯಿಂದಲೇ. ವೀಸಾ ಬರುವವರೆಗಿನ ತಿಂಗಳುಗಳಲ್ಲಿ ಎ1, ಅಂದರೆ ಭಾಷೆಯ ಮೊದಲ ಹಂತ, ಮುಗಿಸಲಿ. ಬೆಂಗಳೂರಿನ ಇಂದಿರಾನಗರದ ಗೋಥೆ ಸಂಸ್ಥೆಯ ತರಗತಿಗಳು ಆನ್‌ಲೈನ್‌ನಲ್ಲೂ ಇವೆ. ಅಲ್ಲಿಗೆ ಹೋದ ಮೇಲೆ ಊರೂರಿನಲ್ಲಿರುವ ವಯಸ್ಕರ ಕಲಿಕಾ ಕೇಂದ್ರ ಫೋಲ್ಕ್ಸ್‌ಹೋಖ್‌ಷೂಲೆಯಲ್ಲಿ ಕಡಿಮೆ ಶುಲ್ಕಕ್ಕೆ ಮುಂದುವರಿಸಬಹುದು. ಅವರ ತರಗತಿಯ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವುದು ನಿಮ್ಮ ಕೆಲಸ. ಬ್ಲೂ ಕಾರ್ಡ್ ಇರುವವರಿಗೆ ಎ1 ಇದ್ದರೆ 27 ತಿಂಗಳಿಗೆ, ಅದಕ್ಕಿಂತ ಎರಡು ಹಂತ ಮೇಲಿನ ಬಿ1 ಇದ್ದರೆ 21 ತಿಂಗಳಿಗೆ ಖಾಯಂ ವಾಸದ ಪರವಾನಗಿ ಸಿಗುತ್ತದೆ, ಅದಕ್ಕೆ ನೀವೂ ಕಲಿಯಬೇಕು.

ಅಜ್ಜ-ಅಜ್ಜಿ

ಊರಿನಲ್ಲಿ ಉಳಿಯುವವರಿಗೆ ಮೊಮ್ಮಕ್ಕಳನ್ನು ಬಿಟ್ಟಿರುವುದು ಕಷ್ಟ, ಅದಕ್ಕೂ ತಯಾರಿ ಬೇಕು. ಅವರ ಪಾಸ್‌ಪೋರ್ಟ್‌ಗಳನ್ನು ನೀವು ಹೊರಡುವ ಮುಂಚೆ, ನಿಮ್ಮ ಜೊತೆಯಲ್ಲೇ ಕರೆದುಕೊಂಡು ಹೋಗಿ ಮಾಡಿಸಿ. ಹೆಸರಿನ ಗೊಂದಲ ಅವರ ದಾಖಲೆಗಳಲ್ಲಿ ನಮ್ಮದಕ್ಕಿಂತ ಹೆಚ್ಚಿರುತ್ತದೆ. ಭೇಟಿಗೆ ಬರಲು ಷೆಂಗನ್ ವೀಸಾ, ಅಂದರೆ ಜರ್ಮನಿಯೂ ಸೇರಿದ ಯುರೋಪಿನ ದೇಶಗಳ ಗುಂಪಿನ ಅಲ್ಪಾವಧಿ ವೀಸಾ ಬೇಕು, 180 ದಿನದಲ್ಲಿ 90 ದಿನ ಇರಬಹುದು. ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಬೇಕು. ಅವರ ಖರ್ಚು ನಿಮ್ಮದು ಎಂಬ ಜವಾಬ್ದಾರಿ ಪತ್ರವನ್ನು ನೀವು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ 29 ಯೂರೋ ಕಟ್ಟಿ ಮಾಡಿಸಿ ಮೂಲ ಪ್ರತಿಯನ್ನೇ ಊರಿಗೆ ಕಳಿಸಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದಲೇ ಅರ್ಜಿ ಹಾಕಲು ಅವಕಾಶ ಇದೆ, ಮೇ ತಿಂಗಳಿಗೆ ಬರಬೇಕೆಂದಿದ್ದರೆ ಸಂಕ್ರಾಂತಿ ಮುಗಿದ ಕೂಡಲೇ ಕಾಗದ ಜೋಡಿಸಲು ಕೂರಿ.